ಸ್ಪ್ರಿಂಗಿನ ಜಾಗಕ್ಕೆ ಟ್ಯೂಬು

ಮೊನ್ನೆ ಬೀರೂರಿನ ಸ್ಟೇಷನ್ನಿನಿಂದ ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ಪಂಕ್ಚರ್ ಅಂಗಡಿಯೊಂದರಿಂದ ಸೊಲ್ಯೂಷನ್ ವಾಸನೆ ಮೂಗಿಗೆ ಬಡಿಯಿತು. ನಿಮಗೂ ಆ ವಾಸನೆ ಇಷ್ಟವಿರಬಹುದು. ನನಗಂತೂ ಅದು ಬಂದ ಕೂಡಲೇ ಓಂಕಾರ ಮಾವನ ಶೆಡ್ಡು ಕಣ್ಣೆದುರು ಬರುತ್ತದೆ. ಮಾವ ಸ್ಪ್ಯಾನರ್ ಹಿಡಿದು ನಿಂತಿರುತ್ತಾನೆ. ಆದರೆ ನೆನಪಿನಲ್ಲಿ ಆ ಸ್ಪ್ಯಾನರನ್ನು ಅವನ ಕೈಗೆ ಕೊಟ್ಟವನು ನಾನೇ ಇರಬೇಕು. ಹಿಂದೆ ಯಾರಿಗೋ ಇದನ್ನೇ ಹೇಳುವಾಗ ಅವನು ಕೂತಿದ್ದ, ಬೀಡಿ ಸೇದುತ್ತಿದ್ದ. ಬಿಡಿಭಾಗಗಳನ್ನು ಇಷ್ಟು ಬದಲಾಯಿಸಿದ ಮೇಲೂ ಅದು ಅದೇ ನೆನಪೇ? ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವರು ಒಬ್ಬ ವಕೀಲೆ. ಅವರು ಕೇಳಿದ್ದು ನೆನಪಿನ ಬಗ್ಗೆ ಅಲ್ಲ, ತೆಂಗಿನಕಾಯಿ ಸುಲಿಯುವ ಮೆಷಿನ್ನಿನ ಬಗ್ಗೆ.

ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಕೊಬ್ಬರಿ ಮಾಡುತ್ತಾರೆ. ಒಳಗಿನ ಕೊಬ್ಬರಿ ಒಡೆಯದೆ ಉಂಡೆಯಾಗಿ ಬರಬೇಕು. ಒರಟಾಗಿ ಸುಲಿದರೆ ಚಿಪ್ಪಿನ ಜೊತೆ ಉಂಡೆಯೂ ಸೀಳುತ್ತದೆ. ಮಾವನ ಮೆಷಿನ್ನಿನಲ್ಲಿ ಹಲ್ಲುಗಳಿರುವ ಎರಡು ಉರುಳೆಗಳು. ಒಂದರ ಬೆನ್ನಿಗೆ ಸ್ಪ್ರಿಂಗು. ದಪ್ಪ ಕಾಯಿ ಬಂದರೆ ಆ ಉರುಳೆ ಹಿಂದಕ್ಕೆ ಸರಿದು ಜಾಗ ಬಿಡುತ್ತದೆ. ಇಷ್ಟೇ. ಈ ‘ಇಷ್ಟೇ’ಗೆ ಅವನು ಪೇಟೆಂಟ್ ಪಡೆದಿದ್ದ.

ಆಮೇಲೆ ಅವನ ಹತ್ತಿರವೇ ವೆಲ್ಡಿಂಗ್ ಕಲಿತ ಚಂದ್ರಣ್ಣ ಅಜ್ಜಂಪುರದಲ್ಲಿ ಮೆಷಿನ್ ಮಾಡತೊಡಗಿದ. ಅದೇ ಉರುಳೆ, ಅದೇ ಹಲ್ಲು. ಸ್ಪ್ರಿಂಗಿನ ಜಾಗದಲ್ಲಿ ಮಾತ್ರ ರಬ್ಬರ್ ಪಟ್ಟಿ.

“ಕಳ್ಳ ನನ್ಮಗ, ನನ್ ಮೆಷಿನ್ನಿಗೆ ಬೇರೆ ಅಂಗಿ ತೊಡ್ಸಿದಾನೆ ಕಣೋ,” ಅಂದ ಮಾವ. ಕೇಸು ಹಾಕುವುದೆಂದಾಯಿತು. ಬೆಂಗಳೂರಿನಿಂದ ವಕೀಲೆ ರೈಲಿನಲ್ಲಿ ಬಂದರು. ಇಂಗ್ಲಿಷ್ ಬರುತ್ತದೆಂದು ನನ್ನನ್ನೂ ಕೂರಿಸಿದರು. ಅವರು ನನಗಿಂತ ಚೆನ್ನಾಗಿ ಕನ್ನಡ ಮಾತಾಡಿದ್ದರಿಂದ ನಾನು ಟೀ ಹಂಚಿದೆ.

“ಪೇಟೆಂಟಿನಲ್ಲಿರೋದು ಸ್ಪ್ರಿಂಗ್, ಅವರದ್ದು ರಬ್ಬರ್,” ಎಂದರು ವಕೀಲೆ. “ಅಕ್ಷರಕ್ಕೆ ಅಕ್ಷರ ನಕಲಲ್ಲ. ಆದ್ರೆ ಬದಲಿಗೆ ಹಾಕಿದ್ದು ಅದೇ ಕೆಲಸವನ್ನ ಅದೇ ರೀತಿ ಮಾಡಿ ಅದೇ ಫಲ ಕೊಟ್ರೆ, ಅದೂ ನಕಲೇ ಅಂತ ವಾದಿಸ್ಬಹುದು. ನಿಮ್ಮ ಸ್ಪ್ರಿಂಗ್ ಮುರಿದ್ರೆ ಜನ ಏನ್ಮಾಡ್ತಾರೆ?”

“ಸೈಕಲ್ ಟ್ಯೂಬ್ ಕುಯ್ದು ಕಟ್ತಾರೆ. ನಾನೇ ಫೋನಲ್ಲಿ ಹೇಳ್ತೀನಿ, ಎರಡು ಸುತ್ತು ಕಟ್ಕಂಡು ಓಡಿಸ್ತಿರಿ, ನಾಳೆ ಬತ್ತೀನಿ ಅಂತ.”

ವಕೀಲೆಯ ಮುಖ ಅರಳಿತು. ಒಂದರ ಬದಲು ಇನ್ನೊಂದು ನಡೆಯುತ್ತದೆಂದು ಊರಿಗೇ ಗೊತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? “ಪೇಟೆಂಟ್ ಕಚೇರಿಯಲ್ಲಿ ರಬ್ಬರಿನ ಮಾತೇನಾದ್ರೂ ಬಂದಿತ್ತಾ?” ಎಂದು ಕೇಳಿದರು.

“ಬರ್ದೆ ಇರುತ್ತಾ!” ಮಾವ ಎದೆಯುಬ್ಬಿಸಿದ. ಹಳೆಯ ಯಾವುದೋ ಮೆಷಿನ್ನಿನಲ್ಲಿ ರಬ್ಬರ್ ಇದೆ, ನಿಮ್ಮದರಲ್ಲಿ ಹೊಸದೇನು ಎಂದು ಅಧಿಕಾರಿ ತಕರಾರು ತೆಗೆದಿದ್ದರಂತೆ. “ಚೆನ್ನೈಗೇ ಹೋಗಿ ಹೇಳ್ದೆ. ರಬ್ಬರ್ ಬಿಸಿಲಿಗೆ ಸೋಲುತ್ತೆ, ಸ್ಪ್ರಿಂಗ್ ಸೋಲಲ್ಲ. ಅದೇ ಬೇರೆ, ಇದೇ ಬೇರೆ ಸ್ವಾಮಿ, ನನಗೆ ರಬ್ಬರ್ ಬ್ಯಾಡವೇ ಬ್ಯಾಡ ಅಂದೆ. ಬರೆದೂ ಕೊಟ್ಟೆ. ಒಪ್ಕಂಡ್ರು.”

ವಕೀಲೆ ಪೆನ್ನಿಗೆ ಮುಚ್ಚಳ ಹಾಕಿದರು. “ರಬ್ಬರ್ ಬಿಟ್ಟುಕೊಟ್ಟು ಪೇಟೆಂಟ್ ತಗೊಂಡಿದೀರಿ. ಈಗ ಅದೂ ನಂದೇ ಅಂದ್ರೆ ಎದುರಿನವರು ನಿಮ್ಮ ಮಾತನ್ನೇ ಓದ್ತಾರೆ.”

ಮಾವನ ಹೆಂಡತಿ ಗಿರಿಜತ್ತೆ ಬಾಗಿಲಲ್ಲೇ ನಿಂತು, “ಅವತ್ತು ಒಂದು ಮಾತು ಕಮ್ಮಿ ಆಡಿದ್ರೆ ಬಾಯಿ ಸವೀತಿತ್ತಾ ನಿಮ್ದು?” ಎಂದಳು.

ಒಂದು ದಾರಿ ಉಳಿದಿತ್ತು: ಅವತ್ತು ಹೇಳಿದ್ದು ಆ ಹಳೆಯ ಮೆಷಿನ್ನಿನ ರಬ್ಬರಿಗೆ ಮಾತ್ರ ಎಂದು ವಾದಿಸುವುದು. ಅದಕ್ಕೆ ಮಾವ ಕೋರ್ಟಿನಲ್ಲಿ ನಿಂತು ಟ್ಯೂಬೂ ಸ್ಪ್ರಿಂಗೂ ಒಂದೇ ಎನ್ನಬೇಕು. ಅವನು ಒಂದು ಬೀಡಿ ಸೇದಿ ಮುಗಿಸಿ ಹೇಳಿದ ಎಂದು ನನ್ನ ನೆನಪು. ತಕ್ಷಣವೇ ಹೇಳಿದ ಎಂದು ಅತ್ತೆಯದು. “ಬ್ಯಾಡಿ ಮೇಡಂ. ಚಂದ್ರ ಕದ್ದಿರ್ಬೋದು. ಆದ್ರೆ ಸುಳ್ಳು ಹೇಳಿ ಪೇಟೆಂಟ್ ತಗಂಡೆ ಅಂತ ನಾನೇ ಹೇಳ್ಲಾ?”

ಕೇಸು ಹಾಕಲಿಲ್ಲ. ಅಂದಿನಿಂದ ಮಾವ ಯಾರಿಗೂ ಟ್ಯೂಬ್ ಕಟ್ಟಲು ಹೇಳಲಿಲ್ಲ. “ಮೆಷಿನ್ ನಿಲ್ಸಿ, ಸ್ಪ್ರಿಂಗ್ ತರ್ತೀನಿ” ಅನ್ನುತ್ತಿದ್ದ. ಸುಲಿಯುವ ಕಾಲದಲ್ಲಿ ಕೂಲಿಯವರನ್ನು ಕೂರಿಸಿಕೊಂಡು ಯಾರು ಕಾಯುತ್ತಾರೆ? ಒಬ್ಬೊಬ್ಬರೇ ಚಂದ್ರಣ್ಣನ ಮೆಷಿನ್ನಿಗೆ ಹೋದರು. ತಾನಾಡಿದ ವಾಕ್ಯ ನಿಜವಾಗಿಯೇ ಉಳಿಯಲೆಂದು ಗಿರಾಕಿಗಳನ್ನು ಬಿಟ್ಟುಕೊಟ್ಟದ್ದನ್ನು ನಾನು ಬಹಳ ವರ್ಷ ಪ್ರಾಮಾಣಿಕತೆ ಎಂದು ಬಣ್ಣಿಸಿದ್ದೇನೆ. ಹಠವೂ ಆಗಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕೆಲಸ ಮಾಡುತ್ತವೆ.

ಮೊನ್ನೆ ಬೀರೂರಿನಲ್ಲಿ ಬಸ್ಸು ಹಿಡಿದು ಪಂಚನಹಳ್ಳಿಯ ನಮ್ಮ ಮನೆ ತಲುಪಿದರೆ, ಅಂಗಳದಲ್ಲಿ ಮಾವನ ಹಳೆಯ ಮೆಷಿನ್ನು ನಿಂತುಹೋಗಿತ್ತು. ಸ್ಪ್ರಿಂಗ್ ಮುರಿದಿತ್ತು. ನಮ್ಮ ಕಾಯಿ ಸುಲಿಸಿಕೊಡಲು ಬಂದಿದ್ದ ಮಾವ, ಅತ್ತೆ ಅದರ ಮುಂದಿದ್ದರು. ಆ ಅಳತೆಯ ಸ್ಪ್ರಿಂಗ್ ಈಗ ಸಿಗುವುದಿಲ್ಲ. ಗಿರಿಜತ್ತೆ ಆಗಲೇ ಟ್ಯೂಬ್ ಕುಯ್ಯುತ್ತಿದ್ದಳು.

“ಬ್ಯಾಡ ಕಣೇ,” ಅಂದ ಮಾವ.

“ನೀವು ಆ ಕಡೆ ತಿರುಗ್ಕೊಳ್ಳಿ. ಚೆನ್ನೈ ಆಫೀಸರ್ ಕೇಳಿದ್ರೆ, ನಾನು ನೋಡ್ಲಿಲ್ಲ ಸ್ವಾಮಿ ಅನ್ನಿ.”

ಮಾವ ನಿಜಕ್ಕೂ ಗೋಡೆಯ ಕಡೆ ತಿರುಗಿ ನಿಂತ. ಅತ್ತೆ ಕಟ್ಟಿದಳು, ನಾನು ಸ್ವಿಚ್ ಹಾಕಿದೆ. ಮೊದಲ ಕಾಯಿ ಸಿಪ್ಪೆ ಬಿಟ್ಟು ಹೊರಬಿತ್ತು. ಎರಡನೆಯದು ಉರುಳೆಗಳ ನಡುವೆ ಜಾರಿ, ಇದ್ದಲ್ಲೇ ಗಿರಗಿರ ತಿರುಗಿತು. ಮಾವ ತಿರುಗಿ ನೋಡಲಿಲ್ಲ; ಸದ್ದು ಕೇಳಿಯೇ ಹೇಳಿದ:

“ಸಡ್ಲ ಆಯ್ತು. ಇನ್ನೊಂದು ಸುತ್ತು ಬಿಗಿಯೇ.”

ಹಾಗೆನ್ನುವಾಗ ಅವನ ಮುಖ ಹೇಗಿತ್ತೋ ನನಗೆ ಕಾಣಲಿಲ್ಲ. ಕಂಡಿತೆಂದು ಬರೆಯಲು ಕೈ ತವಕಿಸುತ್ತಿದೆ, ಬರೆಯುವುದಿಲ್ಲ.