ತವರಿಗೆ ಹೋದ ಎಡಗೈ

ಮೊನ್ನೆ ನಮ್ಮ ಪ್ರೆಸ್ಸಿನ ಮಾಲೀಕರ ತಂಗಿಗೆ ಮಗುವಾಯಿತೆಂದು ಗೋಕಾಕದ ಕರದಂಟಿನ ಡಬ್ಬಿಯೊಂದು ನನ್ನ ಟೇಬಲ್ಲಿಗೂ ಬಂತು. ತಗಡಿನ ಡಬ್ಬಿ. ಮುಚ್ಚಳ ತೆಗೆದಾಗ ತುಪ್ಪದಲ್ಲಿ ಹುರಿದ ಅಂಟಿನ ವಾಸನೆ, ಬೆಲ್ಲದ ವಾಸನೆ ಕೋಣೆಯ ಶಾಯಿಯ ವಾಸನೆಯನ್ನೂ ಮೀರಿ ಬಂತು. ಉಳಿದವರು ತುಂಡು ಮುರಿದು ಬಾಯಿಗೆ ಹಾಕಿಕೊಂಡರು, ನಾನು ಮುಚ್ಚಳವನ್ನೇ ನೋಡುತ್ತ ಕುಳಿತೆ. ಒಂದು ಕಮಲದ ಹೂವು, ಸುತ್ತ ಬಂಗಾರದ ಬಣ್ಣದ ಬಳ್ಳಿ. ಇದೇ ಕಮಲ ಊದಿನಕಡ್ಡಿಯ ಪ್ಯಾಕೆಟ್ಟಿನ ಮೇಲೂ ಇದೆ, ಸೀರೆ ಅಂಗಡಿಯ ಚೀಲದ ಮೇಲೂ ಇದೆ. ಎಲ್ಲಿಂದಲೋ ಇಳಿಸಿಕೊಂಡು ಅಂಟಿಸಿದ್ದು. ಈ ಮುಚ್ಚಳದ ಮೇಲೆ ಬೇರೆಯೇ ಒಂದು ಚಿತ್ರ ಇರಬೇಕಾಗಿತ್ತು... ಅದು ಎಂಥದ್ದೆಂದು ನನಗೆ ಗೊತ್ತಿಲ್ಲ. ಅದನ್ನು ಬರೆಯಬೇಕಾಗಿದ್ದವರಿಗೂ ಕೊನೆಯವರೆಗೆ ಗೊತ್ತಾಗಲಿಲ್ಲ.

ಮೂಡಲಗಿಯಲ್ಲಿ ನಮ್ಮ ಓಣಿಯ ತುದಿಯ ಮನೆಯ ಮುಂಗೋಣೆಯಲ್ಲಿ ಅವರು ಕಂಪ್ಯೂಟರಿನ ಮೇಲೆ ಡಿಸೈನ್ ಮಾಡುವುದನ್ನು ಕಲಿಸುತ್ತಿದ್ದರು. ಶಾಲೆಯ ಶಿಕ್ಷಕಿಯಲ್ಲದಿದ್ದರೂ ನಾವೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದೆವು. ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅದೇ ಹೆಸರು. ಕಲಿಸುವುದರ ಜೊತೆಗೆ ಮದುವೆ ಕಾರ್ಡು, ಅಂಗಡಿಯ ಬೋರ್ಡು, ಬ್ಯಾನರು ಎಲ್ಲ ಮಾಡಿಕೊಡುತ್ತಿದ್ದರು. ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಅವ್ವ ಅಲ್ಲಿಗೆ ತಳ್ಳಿದಳು. ನನಗೆ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ.

ಮೊದಲ ದಿನವೇ ಅಕ್ಕೋರು ಕೀಬೋರ್ಡಿನ ಮೇಲೆ ಒಂದು ಖಣದ ಬಟ್ಟೆ ಹೊದಿಸಿದರು. ಬಟ್ಟೆಯ ಕೆಳಗೆ ಎಡಗೈ ತೂರಿಸಿ, ನೋಡದೆ ಬಟನ್ ಹುಡುಕಬೇಕು. ಕಂಟ್ರೋಲ್ ಝಡ್ ಒತ್ತಿದರೆ ಮಾಡಿದ್ದು ಅಳಿಯುತ್ತದೆ, ಕಂಟ್ರೋಲ್ ಡಿ ಒತ್ತಿದರೆ ಒಂದಿದ್ದದ್ದು ಎರಡಾಗುತ್ತದೆ, ಎಫ್ ನಾಲ್ಕು ಒತ್ತಿದರೆ ಪುಟದಲ್ಲಿರುವುದೆಲ್ಲ ಒಟ್ಟಿಗೆ ಕಣ್ಣಿಗೆ ಬರುತ್ತದೆ. ನಾನು ಬಟ್ಟೆ ಸರಿಸಿ ಕದ್ದು ನೋಡಿದರೆ ಕೈಗೊಂದು ಸಣ್ಣ ಏಟು ಬೀಳುತ್ತಿತ್ತು.

“ನೋಡಬ್ಯಾಡ. ಅಡಿಗಿ ಮನ್ಯಾಗ ಕತ್ತಲಿದ್ರೂ ಉಪ್ಪಿನ ಡಬ್ಬಿಗೆ ಕೈ ಹೋಗತೈತಿಲ್ಲ? ಹಂಗ ಹೋಗಬೇಕು,” ಅನ್ನುತ್ತಿದ್ದರು. “ಬಲಗೈ ಅತ್ತಿ, ಎಡಗೈ ಸೊಸಿ. ಅತ್ತಿ ಕುಂತಲ್ಲೇ ಹುಕುಂ ಮಾಡತಾಳ. ಆಕಿ ಬಾಯಿ ತೆಗಿಯೂದ್ರಾಗ ಸೊಸಿ ಕೆಲಸ ಮುಗಿಸಿರಬೇಕು.”

ಅವರ ಸ್ವಂತ ಸೊಸೆ, ಅಂದರೆ ಅವರ ಎಡಗೈ, ಎಷ್ಟು ಚುರುಕಾಗಿತ್ತೆಂದರೆ ಅದು ಅಲ್ಲಾಡಿದ್ದೇ ಕಾಣುತ್ತಿರಲಿಲ್ಲ. ಪರದೆಯ ಮೇಲೆ ಬಳ್ಳಿ ತಾನಾಗಿ ಬೆಳೆದ ಹಾಗೆ ಕಾಣುತ್ತಿತ್ತು.

ಅವರದು ಇನ್ನೊಂದು ರೂಢಿಯಿತ್ತು. ಏನೂ ಹೊಳೆಯದೆ ಖಾಲಿ ಪುಟ ನೋಡುತ್ತ ಕುಳಿತವರಿಗೆ ಅವರು ಚುಕ್ಕಿ ಇಡಲು ಹೇಳುತ್ತಿದ್ದರು. ಒಂದು ಸಣ್ಣ ಚುಕ್ಕಿ ಮಾಡಿ, ಕಂಟ್ರೋಲ್ ಡಿ ಒತ್ತಿ ಒತ್ತಿ ಅದನ್ನು ಹೆಚ್ಚಿಸಿ, ಬಾಗಿಲ ಮುಂದೆ ರಂಗೋಲಿಗೆ ಇಡುವ ಹಾಗೆ ಸಾಲಾಗಿ ಇಡುತ್ತ ಹೋಗುವುದು. ನನಗೆ ಮೊದಮೊದಲು ಇದು ಹೊತ್ತು ಕಳೆಯುವ ಆಟ ಅನ್ನಿಸಿತ್ತು. ಆದರೆ ಒಂದೆರಡು ಸಾಲು ದಾಟುವಷ್ಟರಲ್ಲಿ ಎಲ್ಲೋ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಕೈ ಎಳೆಯುತ್ತಿತ್ತು. ಅದೊಂದು ಜುಮಕಿಯ ಅಂಚಾಗುತ್ತಿತ್ತು, ಇಲ್ಲವೆ ನವಿಲಿನ ಕುತ್ತಿಗೆ. ನಂತರ ಚುಕ್ಕಿಗಳನ್ನೆಲ್ಲ ಅಳಿಸಿಬಿಡುವುದು. ಹೀಗೆ ಹುಟ್ಟಿದ ಎಷ್ಟೋ ಕಾರ್ಡುಗಳು ಹುಕ್ಕೇರಿ, ಯಮಕನಮರಡಿಯವರೆಗೂ ಹೋದವು. ಅವರು ಒಬ್ಬರ ಕಾರ್ಡಿನ ಫೈಲ್ ತೆರೆದು ಹೆಸರಷ್ಟೇ ಬದಲಿಸಿ ಇನ್ನೊಬ್ಬರಿಗೆ ಕೊಟ್ಟದ್ದನ್ನು ನಾನು ಎಂದೂ ನೋಡಲಿಲ್ಲ. ನಾವೀಗ ಪ್ರೆಸ್ಸಿನಲ್ಲಿ ದಿನವೂ ಮಾಡುವುದು ಅದನ್ನೇ.

ಕಲಿತ ಮೇಲೆ ನನಗೆ ಗೋಕಾಕದ ಬ್ಯಾನರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಆ ವರ್ಷವೇ ಗೋಕಾಕದ ಕರದಂಟಿನ ವ್ಯಾಪಾರಿಯೊಬ್ಬರು ಅಕ್ಕೋರ ಮನೆ ಹುಡುಕಿಕೊಂಡು ಬಂದಿದ್ದರು. ಅವರ ಮಗಳ ಮದುವೆ ಕಾರ್ಡು ಅಕ್ಕೋರು ಮಾಡಿದ್ದು. ತಮ್ಮ ತಗಡಿನ ಡಬ್ಬಿಗೂ ಹೊಸ ಚಿತ್ರ ಬೇಕು, ಅವಸರವಿಲ್ಲ, ನಿಧಾನಕ್ಕೆ ಮಾಡಿ ಎಂದು ಹೇಳಿ ಹೋದರು. ಆ ವಾರ ಅಕ್ಕೋರನ್ನು ನೋಡಬೇಕಿತ್ತು... ಮಾತು ಮಾತಿಗೆ ಡಬ್ಬಿಯ ಸುದ್ದಿಯೇ.

“ಲಗ್ನ ಮುಗೀತಂದ್ರ ಕಾರ್ಡು ರದ್ದಿಗಿ. ಬ್ಯಾನರು ದನದ ಕೊಟ್ಟಿಗಿ ಮ್ಯಾಲ,” ಅಂದರು. “ಇಷ್ಟ ವರ್ಷ ಮಾಡಿದ್ದೊಂದೂ ಉಳದಿಲ್ಲ ನೋಡು. ಡಬ್ಬಿ ಹಂಗಲ್ಲ. ಖಾಲಿ ಆದ್ರೂ ಯಾರೂ ಒಗಿಯೂದಿಲ್ಲ. ಸೂಜಿ ದಾರ ಹಾಕಿ ಇಟ್ಟಕೋತಾರ.”

ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಯಾರದೋ ಮನೆಯ ಗೋಡೆಯ ಮಾಡದಲ್ಲಿ ತಮ್ಮ ಕೈಯದೊಂದು ಉಳಿಯಬೇಕು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವರಿಗೆ ಲಕ್ವ ಹೊಡೆಯಿತು. ದವಾಖಾನೆಯಿಂದ ಮನೆಗೆ ಕರೆತಂದ ಮೇಲೆ ನೋಡಲು ಹೋದೆ. ಮಾತು ಸ್ವಲ್ಪ ತೊದಲುತ್ತಿತ್ತು, ಬುದ್ಧಿ ಮೊದಲಿನಂತೆಯೇ ಇತ್ತು. ಎಡಗೈ ಮಾತ್ರ ತೊಡೆಯ ಮೇಲೆ ಬೇರೆ ಯಾರದೋ ಸಾಮಾನಿನ ಹಾಗೆ ಬಿದ್ದಿತ್ತು. ನನ್ನ ಮುಖ ನೋಡಿ ಅವರೇ ನಗಿಸಿದರು.

“ಸೊಸಿ ತವರಿಗಿ ಹೋಗ್ಯಾಳ. ದೀಪಾವಳಿಗಿ ಕರಕೊಂಡು ಬರೂನು.”

ದೀಪಾವಳಿ ಬಂತು, ಹೋಯಿತು. ಬೆರಳು ಅಲ್ಲಾಡಲಿಲ್ಲ. ಕ್ಲಾಸಿನ ಹುಡುಗಿಯರು ಒಬ್ಬೊಬ್ಬರೇ ಬಿಟ್ಟರು. ಅಕ್ಕೋರ ಯಜಮಾನರು, ನಾವು ಕಾಕಾ ಅನ್ನುತ್ತಿದ್ದವರು, ಕಂಪ್ಯೂಟರುಗಳನ್ನು ಮಾರಿದರು. ಒಂದನ್ನು ಮಾತ್ರ ಉಳಿಸಿಕೊಂಡರು, ಡಬ್ಬಿಯ ಕೆಲಸಕ್ಕೆಂದು.

ಮೌಸ್ ಹಿಡಿಯಲು ಬಲಗೈ ಇತ್ತಲ್ಲ, ಮೆನು ತೆರೆದು ಅದರಿಂದಲೇ ಮಾಡಬಹುದು ಎಂದು ನಾನು ಹೇಳಿ ನೋಡಿದೆ. ಅಕ್ಕೋರು ಬೇಡವೆಂದು ತಲೆಯಾಡಿಸಿದರು. “ಮೆನುದಾಗ ಹುಡುಕ್ಕೋತ ಕುಂದ್ರೂದ್ರಾಗ ಮನಸ್ಸಿನ್ಯಾಗ ಬಂದಿದ್ದು ಹೋಗಿಬಿಡತೈತಿ,” ಅಂದರು. ಆಗ ನಾನು, ಭಾನುವಾರ ಭಾನುವಾರ ಬರುತ್ತೇನೆ, ನಿಮ್ಮ ಎಡಗೈ ಕೆಲಸ ನಾನು ಮಾಡುತ್ತೇನೆ ಅಂದೆ.

ಹಾಗೆ ಶುರುವಾಯಿತು. ಅವರ ಎಡಕ್ಕೆ ನನ್ನ ಕುರ್ಚಿ. ಮೌಸ್ ಅವರ ಬಲಗೈಯಲ್ಲಿ, ಕೀಬೋರ್ಡಿನ ಮೇಲೆ ನನ್ನ ಎಡಗೈ. ಅವರು ‘ಡಿ’ ಅಂದರೆ ನಾನು ಕಂಟ್ರೋಲ್ ಡಿ ಒತ್ತುವುದು, ‘ನಾಲ್ಕು’ ಅಂದರೆ ಎಫ್ ನಾಲ್ಕು. ಮೊದಲು ಒಬ್ಬರ ಕಾಲು ಒಬ್ಬರು ತುಳಿದಂತಾಗುತ್ತಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಅವರು ಬಾಯಿ ತೆಗೆಯುವ ಮುಂಚೆ ನನ್ನ ಬೆರಳು ಬಟನ್ನಿನ ಮೇಲಿರುತ್ತಿತ್ತು. ಕಾಕಾ ಚಹಾ ತಂದಿಟ್ಟು ನಮ್ಮಿಬ್ಬರನ್ನು ನೋಡಿ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಆ ಕೆಲವು ವಾರ, ನಾವು ಗೆದ್ದೆವು ಎಂದೇ ಅಂದುಕೊಂಡಿದ್ದೆ.

ಸಣ್ಣಪುಟ್ಟ ಕೆಲಸಗಳೆಲ್ಲ ಆದವು, ಡಬ್ಬಿಯ ಚಿತ್ರ ಮಾತ್ರ ಬರಲಿಲ್ಲ. ಒಂದು ಗೆರೆ ಎಳೆಯುವರು, ನೋಡುವರು, ‘ಝಡ್’ ಅನ್ನುವರು. ನಾನು ಅಳಿಸುವೆ. ಮತ್ತೊಂದು ಗೆರೆ, ಮತ್ತೆ ಝಡ್. ಬೇಸಿಗೆಯ ಆ ಭಾನುವಾರಗಳಲ್ಲಿ ನಾನು ಒತ್ತಿದ್ದೆಲ್ಲ ಅದೊಂದೇ ಬಟನ್. ಮನೆಗೆ ಹೋಗುವಾಗ ಪುಟ ನಾನು ಬಂದಾಗ ಇದ್ದಷ್ಟೇ ಬೆಳ್ಳಗಿರುತ್ತಿತ್ತು. ಅಕ್ಕೋರು ಬೇಸರವನ್ನು ತೋರಿಸುತ್ತಿರಲಿಲ್ಲ, ಆದರೆ ತಮಾಷೆ ಮಾಡುವುದನ್ನು ಬಿಟ್ಟಿದ್ದರು.

ಒಂದು ಭಾನುವಾರ ನಾನು ಬೇಗ ಹೋದೆ. ಅವರಿನ್ನೂ ಒಳಗೆ ತಲೆ ಬಾಚಿಸಿಕೊಳ್ಳುತ್ತಿದ್ದರು. ಅವರೇ ಕಲಿಸಿದ ಮದ್ದು ನೆನಪಾಗಿ ನಾನು ಹೊಸ ಪುಟ ತೆರೆದು ಚುಕ್ಕಿ ಇಟ್ಟೆ, ಸಾಲು ಸಾಲಾಗಿ, ಪುಟದ ತುಂಬ. ಕಾಕಾ ಅವರನ್ನು ಕರೆತಂದು ಕೂರಿಸಿದರು. ಅವರು ಬಹಳ ಹೊತ್ತು ಪರದೆ ನೋಡಿದರು.

“ಚಂದ ಇಟ್ಟೀದಿ,” ಅಂದರು.

“ಚುಕ್ಕಿ ಕೂಡಸ್ರಿ ಅಕ್ಕೋರ, ಎಲ್ಲೆರ ಏನರ ಕಾಣತೈತೇನೋ.”

“ಕಾಣೂದಿಲ್ಲವಾ. ಹೊಳಿಯೂದು ಇಟ್ಟ ಕೈಗಿ. ನೋಡಿದ ಕಣ್ಣಿಗಲ್ಲ.”

ಆಮೇಲೆ ಹೊಸ ಪುಟದಲ್ಲಿ ತಾವೇ ಒಂದು ಚುಕ್ಕಿ ಮಾಡಿದರು. ನನಗೆ ಕೀಬೋರ್ಡ್ ಮುಟ್ಟಬೇಡ ಅಂದರು. ಒಂದೇ ಕೈಯಿಂದ ಮೆನು ತೆರೆದು, ಹುಡುಕಿ, ಎರಡನೆಯ ಚುಕ್ಕಿ ಮಾಡಿ, ಎಳೆದು ತಂದು ಪಕ್ಕಕ್ಕಿಟ್ಟರು. ಮತ್ತೆ ಮೆನು. ಒಂದು ಸಾಲು ಮುಗಿಯುವಷ್ಟರಲ್ಲಿ ಚಹಾ ಆರಿತ್ತು, ಸಾಲು ಸೊಟ್ಟಗಿತ್ತು. ಅವರು ಮೌಸ್ ಬಿಟ್ಟು, ಬಲಗೈಯಿಂದ ಎಡಗೈಯನ್ನು ಎತ್ತಿ ಟೇಬಲ್ಲಿನ ಮೇಲೆ ಇಟ್ಟುಕೊಂಡು ಅದನ್ನು ಸವರಿದರು.

“ಸೊಸಿ ಬರೂದಿಲ್ಲವಾ ಇನ್ನ. ಆಕಿ ಕೆಲಸ ನೀ ಬಂದು ಮಾಡೂದೂ ಬಿಟ್ಟುಬಿಡು.”

ಮುಚ್ಚು ಅಂದರು. ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. “ಬ್ಯಾಡ ಅನ್ನು,” ಅಂದರು. ನನ್ನ ಬೆರಳು ಆಗಲೇ ಅಲ್ಲಿತ್ತು.

ಕಾಕಾ ಗೋಕಾಕಕ್ಕೆ ಹೋಗಿ ವ್ಯಾಪಾರಿಗೆ ಆಗುವುದಿಲ್ಲ ಎಂದು ಹೇಳಿ ಬಂದರು. ಅವರು ಒಳ್ಳೆಯವರು, ಇನ್ನೂ ಕಾಯುತ್ತೇನೆ ಅಂದರಂತೆ. ಎಷ್ಟು ದಿನ ಕಾಯುತ್ತಾರೆ... ಅಷ್ಟರಲ್ಲಿ ಹುಕ್ಕೇರಿಯ ವರನೊಂದಿಗೆ ನನ್ನ ಮದುವೆ ನಿಶ್ಚಯವಾಯಿತು. ಹೋಗುವ ಮುಂಚೆ ಕಾಲಿಗೆ ಬಿದ್ದಾಗ ಅಕ್ಕೋರು ಬಲಗೈ ನನ್ನ ತಲೆಯ ಮೇಲಿಟ್ಟು, “ತವರಿಗಿ ಬರ್ಕೋತ ಇರು,” ಅಂದರು. ಎರಡು ಸಲ ಹೋದೆ. ಡಿಸೈನಿನ ಮಾತು ಇಬ್ಬರೂ ತೆಗೆಯಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಅವ್ವನ ಫೋನ್ ಬಂತು. ಎರಡನೆಯ ಸಲ ಲಕ್ವ ಹೊಡೆದು ಅಕ್ಕೋರು ಹೋಗಿಬಿಟ್ಟಿದ್ದರು. ಘಟಪ್ರಭಾ ದಾಟುವಾಗ ಧುಪದಾಳದ ಕಡೆ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು, ಬಸ್ಸು ತಡವಾಯಿತು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಕೊಡುವುದು ಮುಗಿದಿತ್ತು. ಓಣಿಯ ಮೂಲೆಯಲ್ಲಿ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿದ್ದರು. ಎಲ್ಲರಿಗೂ ಹಾಕುವ ಅದೇ ಚೆಂಡುಹೂವಿನ ಮಾಲೆ, ಅದೇ ಎರಡು ದೀಪ. ಹಳೆಯ ಫೈಲ್ ತೆರೆದು ಫೋಟೋ ಬದಲಿಸಿದ್ದು ನನ್ನಂಥವರಿಗೆ ದೂರದಿಂದಲೇ ತಿಳಿಯುತ್ತದೆ. ಅಲ್ಲಿ ನಿಂತು ಅತ್ತೆ. ಸಾವಿಗೆ ಅತ್ತೆನೋ ಆ ಮಾಲೆಗೆ ಅತ್ತೆನೋ ನನಗೇ ಗೊತ್ತಿಲ್ಲ.

ಮೊನ್ನೆ ಕರದಂಟು ಖಾಲಿಯಾದ ಮೇಲೆ ಬೈಂಡಿಂಗ್ ಕೆಲಸದ ಅಕ್ಕ ಬಂದು, “ಡಬ್ಬಿ ನಾ ಒಯ್ಯಲೇನ? ಸೂಜಿ ದಾರ ಇಡಾಕ ಬರತೈತಿ,” ಅಂದಳು. ಒಯ್ಯಿ ಅಂದೆ. ಆ ಕಮಲ ಈಗ ಅವಳ ಮನೆಯ ಮಾಡದಲ್ಲಿ ವರ್ಷಗಟ್ಟಲೆ ಇರುತ್ತದೆ.

ನನಗೂ ಈಗ ಬಹಳ ದಿನಗಳಿಂದ ಏನೂ ಹೊಳೆಯುತ್ತಿಲ್ಲ. ಹಳೆಯ ಫೈಲುಗಳಿಂದ ದಿನ ದೂಡುತ್ತಿದ್ದೇನೆ. ಬಾಯಲ್ಲಿ ಹೇಳಿದರೆ ಕಂಪ್ಯೂಟರೇ ಚಿತ್ರ ಬರೆದುಕೊಡುತ್ತದೆ, ನಿಮಗೇಕೆ ತ್ರಾಸು ಎಂದು ಮಾಲೀಕರು ಅನ್ನುತ್ತಾರೆ. ಅವತ್ತು ಡಬ್ಬಿ ಹೋದ ಮೇಲೆ ಹೊಸ ಪುಟ ತೆರೆದು, ಒಂದು ಚುಕ್ಕಿ ಇಟ್ಟೆ. ನನ್ನದೇ ಕೈ ಇಟ್ಟ ಚುಕ್ಕಿ. ಎರಡನೆಯದಕ್ಕೆ ಬೆರಳು ಹೋಗಲಿಲ್ಲ. ಅಕ್ಕೋರು ಇರುತ್ತಿದ್ದ ಬಲಕ್ಕೆ ತಿರುಗಿ ನೋಡಿದೆ, ಅಲ್ಲಿ ಗೋಡೆ ಇತ್ತು. ಎಡಗೈ ಮಾತ್ರ ಬಟನ್ನುಗಳ ಮೇಲೆ ಹಾಗೇ ಕುಳಿತಿತ್ತು, ಯಾರಾದರೂ ‘ಡಿ’ ಅನ್ನಲಿ ಎಂದು.