ಗುಂಡಿಗೆ ಅಡ್ಡ ಇಟ್ಟ ಸ್ಟೂಲು

ನನ್ನ ಗೆಳೆಯ, ಲಿಫ್ಟ್ ಮೆಕ್ಯಾನಿಕ್, ಕಳೆದ ಭಾನುವಾರ ರಾತ್ರಿ ನಿದ್ದೆಯಲ್ಲೇ ತೀರಿಕೊಂಡ. ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಅವನ ತಂಗಿ ಕೇಳಿದ್ದಾಳೆ. ಪೆನ್ನು ಹಿಡಿದು ಕೂತರೆ ಅವನು ನನ್ನ ತಲೆ ತಿಂದದ್ದೇ ನೆನಪಾಗುತ್ತಿದೆ.

ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿಗೆ ನಾಲ್ವರು ಸೇರುತ್ತಿದ್ದೆವು: ಅವನು, ಹೊಲಿಗೆ ಅಂಗಡಿ ಇಟ್ಟಿರುವ ಅವನ ತಂಗಿ, ಒಬ್ಬ ಹಲ್ಲಿನ ಡಾಕ್ಟರು, ನಾನು. ಆಡುತ್ತಿದ್ದದ್ದು ಕಥೆಯ ಆಟ. ಚೌಕದ ಹಾಳೆಯ ಮೇಲೆ ಅವನು ಹಾಳು ಕೋಟೆಯೊಂದರ ನೆಲಮಾಳಿಗೆಯ ನಕ್ಷೆ ಬರೆದು ತರುತ್ತಿದ್ದ. ಎದುರಿಗೆ ಏನಿದೆಯೆಂದು ಅವನು ಹೇಳಬೇಕು. ನಮ್ಮ ಪಾತ್ರ ಏನು ಮಾಡುತ್ತದೆಂದು ನಾವು ಹೇಳಬೇಕು. ಮಿಕ್ಕದ್ದು ದಾಳಕ್ಕೆ ಬಿಟ್ಟದ್ದು. ನಾನು ಮುದಿ ಮಾಂತ್ರಿಕ. ಡಾಕ್ಟರು ಉದ್ದ ಕೋಲು ಹಿಡಿದ ಕುಳ್ಳ. ತಂಗಿ ಕಳ್ಳಿ. ಹಾಳೆಯ ಮೇಲೆ ನಾವೆಲ್ಲ ಅವಳ ಅಂಗಡಿಯ ಬಟನ್ನುಗಳು. ಕೆಂಪು ಬಟನ್ನು ಅವಳದು.

ಅವನಿಗೆ ಇದ್ದದ್ದು ಒಂದೇ ಹಂಬಲ. ಅವನು ತೋಡಿ ಮುಚ್ಚಿಟ್ಟ ಗುಂಡಿಗೆ ನಮ್ಮಲ್ಲಿ ಯಾರಾದರೂ ಒಂದು ಸಲ ಬೀಳಬೇಕು. ತಂಗಿಯೇ ಬಿದ್ದರೆ ಇನ್ನೂ ಸಂತೋಷ. ವರ್ಷಗಳೇ ಕಳೆದರೂ ಯಾರೂ ಬೀಳಲಿಲ್ಲ.

ನಾನು ಲೈಬ್ರರಿಯಲ್ಲಿ ಓದುಗರ ಮಧ್ಯೆ ಇರುವಾಗ ಫೋನು ಬರುತ್ತಿತ್ತು.

"ಲೋ, ಕಲ್ಲಿನ ಮುಚ್ಚಳಕ್ಕೆ ಕೀಲು ಒಂದೇ ಕಡೆ ಇಡ್ಲಾ, ಎರಡೂ ಕಡೆನಾ?"

"ಇಡೀ ಗುಂಡೀನೇ ಸುಳ್ಳು. ಎಲ್ಲಿ ಬೇಕಾದ್ರೂ ಇಡು."

"ಸುಳ್ಳಾದ್ರೇನು? ಮುಚ್ಚಳ ಸರಿಯಾಗಿ ಕೂರಬೇಡ್ವಾ?"

"ನಾನೂ ಆಡೋನೇ ಅಲ್ವಾ, ನನ್ನನ್ನೇ ಕೇಳ್ತೀಯಲ್ಲ!"

"ಕೇಳಿಸ್ಕೊಂಡಿಲ್ಲ ಅಂದ್ಕೋ."

ಕುಳ್ಳ ಕೋಲಿನಿಂದ ಕುಟ್ಟಿದರೆ ಅಲ್ಲಾಡಬಾರದು, ಮನುಷ್ಯ ಕಾಲಿಟ್ಟರೆ ತೆರೆದುಕೊಳ್ಳಬೇಕು. ಅಂಥ ಮುಚ್ಚಳ ನಿಜಕ್ಕೂ ಸಾಧ್ಯವೇ ಎಂದು ನೋಡಲು ಚಪ್ಪಲಿ ಡಬ್ಬಿಯೊಂದಕ್ಕೆ ಕೀಲು ಜೋಡಿಸಿದ. ಕೀಲು ಬಿಚ್ಚಿದ್ದು ನನ್ನ ಬೀರುವಿನದು. ಆ ಬಾಗಿಲು ಇವತ್ತಿಗೂ ಒಂದೇ ಕೀಲಿನಲ್ಲಿ ಜೋತಾಡುತ್ತಿದೆ. ಇನ್ನು ಯಾರನ್ನು ಬೈಯಲಿ?

ಇಷ್ಟೆಲ್ಲ ಮಾಡಿ ಕೊನೆಗೆ ತಾನೇ ಸಿಕ್ಕಿಬೀಳುತ್ತಿದ್ದ. ರಿಪೇರಿಗೆಂದು ಲಿಫ್ಟಿನ ಬಾಗಿಲು ತೆರೆದರೆ ಒಳಗೆ ಪಾತಾಳ. ಹಾಗಾಗಿ ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ಬಾಗಿಲಿಗೆ ಅಡ್ಡ ಸ್ಟೂಲೋ ಸಾಮಾನಿನ ಚೀಲವೋ ಇಡುವುದು ಅವನ ಕೈಗೆ ಅಂಟಿದ ಅಭ್ಯಾಸ. ಆಟದಲ್ಲೂ ಅಷ್ಟೇ: "ಮುಂದೆ ಓಣಿ. ನೆಲ ಚೊಕ್ಕಟ. ಮುರಿದ ಸ್ಟೂಲೊಂದು ಅಡ್ಡ ಬಿದ್ದಿದೆ."

ಇದನ್ನು ಮೊದಲು ಹಿಡಿದವಳು ತಂಗಿ. "ಅಡ್ಡ ಏನಾದ್ರೂ ಬಿದ್ದಿದೆ ಅಂದ್ರೆ ಅದರ ಹಿಂದೆ ಗುಂಡಿ. ಅಣ್ಣನಿಗೆ ಮಾತ್ರ ಹೇಳ್ಬೇಡಿ," ಎಂದು ಅಡುಗೆಮನೆಯಲ್ಲಿ ನಮ್ಮಿಬ್ಬರ ಕಿವಿಗೆ ಹಾಕಿದ್ದಳು. ನಾವು ಹೇಳಲಿಲ್ಲ.

"ಹೇಗೆ ಗೊತ್ತಾಗತ್ತೆ ನಿಮಗೆ? ನನ್ನ ಹಾಳೆ ಕದ್ದು ನೋಡ್ತೀಯಾ?" ಎಂದು ಅವನು ತಂಗಿಯ ಮೇಲೆ ರೇಗುತ್ತಿದ್ದ.

"ಕಳ್ಳಿ ಅಂದ್ಮೇಲೆ ಕದೀದೇ ಇರ್ತೀನಾ ಅಣ್ಣ?"

ಕಳೆದ ಭಾನುವಾರ ಬಂದಾಗಲೇ ಬೆವರುತ್ತಿದ್ದ. ಒಮ್ಮೆ ತೋರಿಸಿಕೊಳ್ಳಿ ಎಂದರು ಡಾಕ್ಟರು. "ನೀವು ಹಲ್ಲು ನೋಡ್ಕೊಳ್ಳಿ ಡಾಕ್ಟ್ರೇ," ಎಂದು ಹಾಳೆ ಬಿಡಿಸಿದ.

"ಓಣಿ. ನೆಲ ಚೊಕ್ಕಟ." ಅಷ್ಟೇ ಹೇಳಿದ.

ಕುಳ್ಳ ಕೋಲಿನಿಂದ ಕುಟ್ಟಿದ, ಏನೂ ಆಗಲಿಲ್ಲ. ಕಳ್ಳಿ ಧೈರ್ಯವಾಗಿ ಹೆಜ್ಜೆ ಇಟ್ಟಳು. ಅವನು ದಾಳ ಉರುಳಿಸಿದ. ಮುಚ್ಚಳ ತೆರೆಯಿತು, ಅವಳು ಬಿದ್ದಳು.

"ಅಯ್ಯೋ! ಅಂತೂ ಬೀಳಿಸ್ದೆ ಅಣ್ಣಾ!" ಎಂದು ತಂಗಿ ಕೂಗಿದಳು. ನಾವು ಚಪ್ಪಾಳೆ ತಟ್ಟಿದೆವು. ಅವನು ಮಾತ್ರ ನಗಲಿಲ್ಲ.

"ತಡಿ. ಅಲ್ಲೊಂದು ಸ್ಟೂಲಿತ್ತು. ಹೇಳೋದು ಮರೆತೆ. ಇದು ಲೆಕ್ಕಕ್ಕಿಲ್ಲ."

"ಲೋ, ಇಷ್ಟು ವರ್ಷ ಇದಕ್ಕೇ ತಾನೇ ನಮ್ಮ ಪ್ರಾಣ ತಿಂದಿದ್ದು? ಗೆದ್ದಿದ್ದೀಯ, ಸುಮ್ನಿರು!" ಎಂದೆ.

"ಅಡ್ಡ ಏನೂ ಇಡದೆ ಗುಂಡಿ ತೆಗೆದು ಬಿಡ್ತಾರೇನೋ ಯಾರಾದ್ರೂ?" ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಬಿದ್ದಿದ್ದೀನಿ, ಒಪ್ಕೊಂಡಿದ್ದೀನಿ. ಬಿಡು ಅಣ್ಣ."

"ಬಿಡೋದೇನು? ಏಳು ಮೇಲೆ."

ಗುಂಡಿಯ ಚೌಕದಿಂದ ಕೆಂಪು ಬಟನ್ನನ್ನು ಎತ್ತಿ ಓಣಿಯಲ್ಲಿ ಹಿಂದಕ್ಕಿಟ್ಟ. ಆಮೇಲೆ ಜೇಬಿನಿಂದ ರಬ್ಬರು ತೆಗೆದು, ಬಟನ್ನಿಗೂ ಗುಂಡಿಗೂ ನಡುವೆ ಅಡ್ಡ ಇಟ್ಟ.