ಚಿಕ್ಕಮ್ಮ ಹೇಳಿಕೊಟ್ಟ ಪರಮಾಣುವಿನ ಗಾತ್ರ

ಪಕ್ಕದ ಮನೆಯವರು ಹೊಸ ತಾರಸಿಗೆ ನೀರು ಬಿಡುತ್ತಿದ್ದಾರೆ. ಮಧ್ಯಾಹ್ನದ ಹೊತ್ತು ಒದ್ದೆ ಸಿಮೆಂಟಿನ ವಾಸನೆ ಬಂದರೆ ನಾನು ಕೆಲಸ ಬಿಟ್ಟು ಕೂತುಬಿಡುತ್ತೇನೆ. ಕೆಲಸ ಬಿಡಲು ನನಗೆ ಅಷ್ಟು ನೆಪ ಸಾಕು. ನೀವು ನಮ್ಮ ಬ್ಯಾಡರಹಳ್ಳಿ ಕಡೆಯವರಾದರೆ ನಿಮಗೆ ಗೊತ್ತಿರುತ್ತದೆ, ಹಳೆಯ ಮನೆತನಗಳಲ್ಲಿ ಮಗನ ಮದುವೆ ಗೊತ್ತಾದರೆ ಮೊದಲು ಮೇಲೊಂದು ಮಹಡಿ ಏಳುತ್ತದೆ, ಆಮೇಲೆ ಲಗ್ನಪತ್ರಿಕೆ. ಚಿಕ್ಕಪ್ಪನಿಗೆಂದು ಎದ್ದ ಮಹಡಿಗೆ ಇಂಥದೇ ವಾಸನೆಯ ನಡುವೆ ಚಿಕ್ಕಮ್ಮ ಬಂದರು, ಬಿಎಸ್ಸಿ ಕೊನೆಯ ವರ್ಷದ ಪರೀಕ್ಷೆ ಬಾಕಿ ಇಟ್ಟುಕೊಂಡು.

ಅಡುಗೆ ಮಾತ್ರ ಎಲ್ಲರಿಗೂ ಕೆಳಗೆ, ಅಜ್ಜಿಯ ಕಣ್ಣೆದುರು. ಪಿಯುಸಿ ಕೆಮಿಸ್ಟ್ರಿಯಲ್ಲಿ ಡುಮ್ಕಿ ಹೊಡೆದಿದ್ದ ನನ್ನನ್ನು ಚಿಕ್ಕಮ್ಮ ಅಲ್ಲೇ ಕೂರಿಸಿಕೊಂಡು, ರೊಟ್ಟಿ ತಟ್ಟುತ್ತಾ ಪಾಠ ಹೇಳುತ್ತಿದ್ದರು. ಆವರ್ತ ಕೋಷ್ಟಕದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪರಮಾಣು ದೊಡ್ಡದಾಗುತ್ತದೆ ಎಂದು ನಾನು ಬರೆದಿದ್ದೆ. ಎಲೆಕ್ಟ್ರಾನ್ ಹೆಚ್ಚಾದ ಮೇಲೆ ಜಾಗವೂ ಹೆಚ್ಚು ಬೇಕಲ್ಲ ಎಂಬುದು ನನ್ನ ಲೆಕ್ಕ.

"ಅಲ್ಲ ಕಣೋ, ಈ ಮನೇಲಿ ಇದ್ಕೊಂಡೂ ಹಿಂಗೆ ಬರ್ದಿದೀಯಲ್ಲ!" ಎಂದು ಚಿಕ್ಕಮ್ಮ ನಕ್ಕರು. "ಎಡದಿಂದ ಬಲಕ್ಕೆ ಹೋದ್ರೆ ಮಹಡಿ, ಅಂದ್ರೆ ಎಲೆಕ್ಟ್ರಾನ್ ಇರೋ ಕವಚ, ಅದೇ ಇರುತ್ತೆ. ಜನ ಒಬ್ಬೊಬ್ರೇ ಜಾಸ್ತಿ ಆಗ್ತಾರೆ, ಅದ್ರ ಜೊತೆ ನಡುವೆ ಇರೋ ನ್ಯೂಕ್ಲಿಯಸ್ ಹಿಡಿತಾನೂ ಜಾಸ್ತಿ ಆಗುತ್ತೆ. ಎಲ್ರನ್ನೂ ಒಳಕ್ಕೆ ಎಳ್ಕೊಳುತ್ತೆ. ಅದಕ್ಕೇ ಸೋಡಿಯಂ ದೊಡ್ಡದು, ಕ್ಲೋರಿನ್ ಚಿಕ್ಕದು. ಮೇಲಿಂದ ಕೆಳಕ್ಕೆ ಬಾ, ಸಾಲಿಗೊಂದು ಹೊಸ ಮಹಡಿ. ಆಗ ದೊಡ್ಡದಾಗುತ್ತೆ."

ನಮ್ಮ ಮನೆಯ ನಡುವೆ ಇರುವವರು ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಅಜ್ಜಿ ಜಗಲಿಯಲ್ಲಿ ಕೆಮ್ಮಿದರೆ ಮೇಲಿನ ಮಹಡಿಯಲ್ಲಿ ಟಿವಿ ಸದ್ದು ತಗ್ಗುತ್ತಿತ್ತು.

ನಾನು ಪಾಸಾದೆ. ಅಜ್ಜಿ ಪಾಯಸ ಮಾಡಿಸಿದರು. ಎಲ್ಲರೂ ಊಟಕ್ಕೆ ಕೂತಿದ್ದಾಗ ಚಿಕ್ಕಮ್ಮ ಬಡಿಸುತ್ತಾ ಕೇಳಿದರು, "ಅತ್ತೆ, ಈ ಸಲ ನಾನೂ ಪರೀಕ್ಷೆಗೆ ಕಟ್ಲಾ?"

"ಮನೆ ಯಾರವ್ವ ನೋಡ್ಕಳೋರು?" ಎಂದರು ಅಜ್ಜಿ.

ಚಿಕ್ಕಮ್ಮ ನನ್ನ ಕಡೆ ನೋಡಿದರು. ನಾನು ಪಾಯಸದಲ್ಲಿ ದ್ರಾಕ್ಷಿ ಹುಡುಕುತ್ತಿದ್ದೆ. ಅವರು ಮತ್ತೆಂದೂ ಕೇಳಲಿಲ್ಲ. ಅಜ್ಜಿ ತೀರಿಕೊಂಡೂ ವರ್ಷಗಳಾದವು; ಆ ನೋಟ ನೆನಪಾದಾಗೆಲ್ಲ ನನಗೆ ಈಗಲೂ ನಾಚಿಕೆಯಾಗುತ್ತದೆ.

ಇವತ್ತು ಎದ್ದು ಕೆಳಗಿಳಿದೆ. ಚಿಕ್ಕಮ್ಮ ಪುಳಿಯೋಗರೆ ಗೊಜ್ಜು ಕುದಿಸುತ್ತಿದ್ದರು.

"ಚಿಕ್ಕಮ್ಮ, ಅವತ್ತು ಪರೀಕ್ಷೆ ವಿಷ್ಯದಲ್ಲಿ ನಾನು ನಿಮ್ಮ ಪರ ಮಾತಾಡ್ಬೇಕಿತ್ತು."

"ಹೂಂ, ಮಾತಾಡ್ಬೇಕಿತ್ತು."

ಹೋಗಲಿ ಬಿಡು ಎನ್ನುತ್ತಾರೆಂದು ಕಾದೆ. ಎನ್ನಲಿಲ್ಲ.

"ಈಗ್ಲೂ ಕಟ್ಬಹುದು. ಮನೇಲೇ ಓದ್ಕೊಂಡು ಬರೆಯೋ ಡಿಗ್ರಿ ಇದೆ, ವಯಸ್ಸು ಕೇಳಲ್ಲ," ಎಂದು ನಾನೇ ಮುಂದುವರಿಸಿದೆ.

"ಮನೆ ನೋಡ್ಕೊಳೋರು?"

"ನಾನು," ಎಂದೆ, ಇಲ್ಲದ ಧೈರ್ಯ ತಂದುಕೊಂಡು.

ಚಿಕ್ಕಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಸೌಟು ಕೈಗಿಟ್ಟರು. "ತಳ ಹಿಡೀದಂಗೆ ತಿರುಗಿಸ್ತಾ ಇರು."

ಒಳಗೆ ಬೀರು ತೆರೆದ ಸದ್ದಾಯಿತು, ಪುಟ ಮಗುಚುವ ಸದ್ದಾಯಿತು. ಎಷ್ಟು ಹೊತ್ತಾದರೂ ಅವರು ಹೊರಗೆ ಬರಲಿಲ್ಲ. ನಾನು ತಿರುಗಿಸುತ್ತಲೇ ಇದ್ದೆ.